ಹೆಸರಿನ ಬೆನ್ನು ಹತ್ತಿದರೆ ದಾರಿ ತಪ್ಪುತ್ತದೆ: ಕ್ವಿಬೆಕ್‌ನವರ ವಂಶವೃಕ್ಷ ಹುಡುಕುವ ಬಗೆ

ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ 'ಶಾರ್ಟ್‌ಸ್ಲೀವ್ಸ್' ಅನ್ನುವ ಮನೆತನದ ಹೆಸರಿದೆ. ಗಿಡ್ಡ ತೋಳು! ಬಟ್ಟೆ ಅಂಗಡಿಯಲ್ಲಿ ಕೇಳಬೇಕಾದ ಪದ ಒಂದು ಕುಟುಂಬದ ಹೆಸರಾಗಿದ್ದು ಹೇಗೆ? ಇಂಗ್ಲೆಂಡಿನ ದಾಖಲೆಗಳನ್ನು ಎಷ್ಟು ತಡಕಿದರೂ ಇದಕ್ಕೆ ಉತ್ತರ ಸಿಗುವುದಿಲ್ಲ. ಇವರ ಮೂಲ ಕೆನಡಾದ ಕ್ವಿಬೆಕ್, ಜನ ಹೆಚ್ಚಾಗಿ ಫ್ರೆಂಚ್ ಮಾತಾಡುವ ಪ್ರಾಂತ್ಯ. ಅಲ್ಲಿ ಇವರ ಹೆಸರು ಕೂರ್ತೆಮಾಂಶ್. ಫ್ರೆಂಚ್‌ನಲ್ಲಿ 'ಕೂರ್ತ್' ಅಂದರೆ ಗಿಡ್ಡ, 'ಮಾಂಶ್' ಅಂದರೆ ಅಂಗಿಯ ತೋಳು. ಗಡಿ ದಾಟಿದ ಮೇಲೆ ಅದು ಪದಕ್ಕೆ ಪದ ಇಂಗ್ಲಿಷ್ ಆಯಿತು, ಅಷ್ಟೇ.

ಇದೇ ತರಹ ಬುವಾವ್ಯಾಂ ಮನೆತನದವರು ಕೆಲವರು 'ಡ್ರಿಂಕ್‌ವೈನ್' ಆದರು. ಬುವಾಲೋ ಮನೆಯವರು 'ಡ್ರಿಂಕ್‌ವಾಟರ್' ಆದರು. ಒಬ್ಬರಿಗೆ ವೈನ್, ಇನ್ನೊಬ್ಬರಿಗೆ ನೀರು.

ನಗು ಬರುವುದು ಸಹಜ. ಆದರೆ ಮುತ್ತಜ್ಜ ಯಾರು ಅಂತ ಹುಡುಕಲು ಕೂತವರಿಗೆ ಇದು ನಗುವ ವಿಷಯವಲ್ಲ. ಹೆಸರು ಒಂದೇ ತಲೆಮಾರಿನಲ್ಲಿ ಗುರುತೇ ಸಿಗದಷ್ಟು ಬದಲಾಗಿದ್ದರೆ ಹಿಂದಕ್ಕೆ ಹೋಗುವುದು ಹೇಗೆ? ಇಲ್ಲೊಂದು ಸೋಜಿಗ ಇದೆ. ಹೆಸರುಗಳ ವಿಷಯದಲ್ಲಿ ಇಷ್ಟು ಗೋಜಲು ಇರುವ ಈ ಜನರ ವಂಶವೃಕ್ಷವೇ ಜಗತ್ತಿನಲ್ಲಿ ಅತಿ ಚೆನ್ನಾಗಿ ಉಳಿದುಬಂದಿರುವವುಗಳಲ್ಲಿ ಒಂದು. ಕ್ವಿಬೆಕ್‌ನ ಒಬ್ಬ ಸಾಮಾನ್ಯ ರೈತನ ಮನೆಯವರು ಹತ್ತು ಹನ್ನೆರಡು ತಲೆಮಾರು ಹಿಂದಕ್ಕೆ, 1650ರ ಸುಮಾರಿಗೆ ಹಡಗು ಇಳಿದ ಮನುಷ್ಯನವರೆಗೆ ಹೋಗಿ ಮುಟ್ಟಬಹುದು. ರಾಜಮನೆತನದವರಲ್ಲ, ಜಮೀನ್ದಾರರಲ್ಲ, ಸುಮ್ನೆ ಹೊಲ ಉತ್ತು ಬದುಕಿದವರು.

ಗುಟ್ಟು ಇಷ್ಟೇ. ಅಲ್ಲಿ ಹೆಸರನ್ನು ಹಿಂಬಾಲಿಸಬಾರದು, ಗಂಡ ಹೆಂಡತಿಯ ಜೋಡಿಯನ್ನು ಹಿಂಬಾಲಿಸಬೇಕು.

ಒಂದು ಮದುವೆಯ ಪುಟ

ಹದಿನೆಂಟನೇ ಶತಮಾನದ ಒಂದು ಹಳ್ಳಿ ಚರ್ಚಿನ ಮದುವೆ ದಾಖಲೆ ತೆಗೆದರೆ ಅದರ ಒಕ್ಕಣೆ ಹೆಚ್ಚುಕಡಿಮೆ ಹೀಗಿರುತ್ತದೆ. ಮೂರು ಭಾನುವಾರ ಪೂಜೆಯ ಹೊತ್ತಿನಲ್ಲಿ ಮದುವೆಯ ಸುದ್ದಿ ಸಾರಿದ್ದೇವೆ. ಯಾರ ತಕರಾರೂ ಬಂದಿಲ್ಲ. ಈ ಊರಿನ ರೈತ ದಿವಂಗತ ಇಂಥವರು ಮತ್ತು ಇಂಥ ಮನೆತನದ ಇಂಥವಳು, ಇವರ ವಯಸ್ಕ ಮಗ ಒಂದು ಕಡೆ. ಪಕ್ಕದ ಊರಿನ ಇಂಥವರು ಮತ್ತು ಇಂಥ ಮನೆತನದ ಇಂಥವಳು, ಇವರ ಅಪ್ರಾಪ್ತ ಮಗಳು ಇನ್ನೊಂದು ಕಡೆ. ಇವರಿಬ್ಬರಿಗೂ ಮದುವೆ ಮಾಡಿಸಿದ್ದೇನೆ. ವರನ ಅಣ್ಣ, ವಧುವಿನ ಸೋದರಮಾವ ಸಾಕ್ಷಿ. ಇವರ್ಯಾರಿಗೂ ಸಹಿ ಮಾಡಲು ಬರುವುದಿಲ್ಲ ಎಂದು ಹೇಳಿದ್ದಾರೆ. ಕೆಳಗೆ ಪಾದ್ರಿಯ ಸಹಿ.

ಇಷ್ಟು ಸಾಲಿನಲ್ಲಿ ಎಷ್ಟು ಸಿಕ್ಕಿತು ನೋಡಿ. ಇಬ್ಬರ ಹೆಸರು, ಇಬ್ಬರ ತಂದೆ, ಇಬ್ಬರ ತಾಯಿ. ತಾಯಂದಿರ ಹೆಸರು ಅವರ ತವರು ಮನೆತನದ ಹೆಸರಿನ ಜೊತೆಗೇ ಇದೆ. ಯಾವ ಊರು ಅಂತಲೂ ಇದೆ. ಇನ್ನೇನು ಬೇಕು? ವರನ ತಂದೆ ತಾಯಿಯ ಜೋಡಿಯನ್ನು ಹಿಡಿದು ಒಂದು ತಲೆಮಾರು ಹಿಂದಿನ ಪುಸ್ತಕ ತೆರೆಯಿರಿ. ಅವರ ಮದುವೆ ಸಿಗುತ್ತದೆ. ಅಲ್ಲಿ ಅವರ ತಂದೆ ತಾಯಿ ಸಿಗುತ್ತಾರೆ. ಮತ್ತೆ ಹಿಂದಕ್ಕೆ. ಹೀಗೆ ಮದುವೆಯಿಂದ ಮದುವೆಗೆ ಜಿಗಿಯುತ್ತಾ ಹೋಗುವುದೇ ಅಲ್ಲಿನ ವಂಶಾವಳಿ ಹುಡುಕಾಟದ ಮೂಲ ವಿದ್ಯೆ.

ಬರೀ ಹೆಸರು ಹಿಡಿದರೆ ಏನಾಗುತ್ತದೆ? ಒಂದೇ ಊರಿನಲ್ಲಿ ಒಂದೇ ಕಾಲಕ್ಕೆ ನಾಲ್ಕು ಜನ ಜಾಂ-ಬತಿಸ್ತ್ ತ್ರಾಂಬ್ಲೆ ಇದ್ದರೆ ಆಶ್ಚರ್ಯವಿಲ್ಲ. ಆದರೆ ನಾಲ್ವರ ಹೆಂಡತಿಯರೂ ಒಂದೇ ಹೆಸರು, ಒಂದೇ ಮನೆತನದವರಾಗಿರುವುದು ಬಹಳ ಅಪರೂಪ. ಅದಕ್ಕೇ ಜೋಡಿ ಮುಖ್ಯ.

ಆ ಸಣ್ಣ ಸಣ್ಣ ಪದಗಳಿಗೂ ಬೆಲೆ ಇದೆ. ಹೆಸರಿನ ಮುಂದೆ 'ಫೆ' ಅಂತಿದ್ದರೆ ಅವರು ತೀರಿಕೊಂಡಿದ್ದಾರೆ ಅಂತ ಅರ್ಥ. ಅಂದರೆ ಅವರ ಸಾವಿನ ದಾಖಲೆಯನ್ನು ಈ ತಾರೀಖಿಗಿಂತ ಹಿಂದೆ ಹುಡುಕಬೇಕು. ವಯಸ್ಕ, ಅಪ್ರಾಪ್ತ ಅನ್ನುವ ಪದಗಳಿಂದ ಹುಟ್ಟಿದ ವರ್ಷದ ಅಂದಾಜು ಸಿಗುತ್ತದೆ. ಫ್ರೆಂಚರ ಕಾಲದಲ್ಲಿ 25 ತುಂಬಿದರೆ ವಯಸ್ಕ, ಬ್ರಿಟಿಷರು ಬಂದ ಮೇಲೆ 1780ರ ದಶಕದಿಂದ 21. ವಿಧವೆ ಮರುಮದುವೆ ಆಗುತ್ತಿದ್ದರೆ ಮಾತ್ರ ಸ್ವಲ್ಪ ಕಷ್ಟ. ಆಗ ಸಾಮಾನ್ಯವಾಗಿ ತಂದೆ ತಾಯಿಯ ಬದಲು ಸತ್ತ ಗಂಡನ ಹೆಸರು ಬರೆಯುತ್ತಿದ್ದರು. ಮೊದಲ ಮದುವೆ ಹುಡುಕಿ, ಅಲ್ಲಿಂದ ತವರಿಗೆ ಹೋಗಬೇಕು. ಇನ್ನೊಂದು ವಿಷಯ, ಮದುವೆ ಹೆಚ್ಚಾಗಿ ಹುಡುಗಿಯ ಊರಿನಲ್ಲಿ ಆಗುತ್ತಿತ್ತು. ಗಂಡಿನ ಊರಿನ ಪುಸ್ತಕದಲ್ಲಿ ಹುಡುಕಿ ಸುಸ್ತಾದವರು ಬಹಳ ಜನ.

ಹೊಸಬರು ಖಂಡಿತ ಎಡವುವ ಒಂದು ಜಾಗ ಇದೆ. ಹಳೆಯ ಪಾದ್ರಿಗಳು ತಿಂಗಳ ಹೆಸರನ್ನು ಚಿಕ್ಕದಾಗಿ ಬರೆಯುತ್ತಿದ್ದರು. '7ಬ್ರ್' ಅಂತ ಕಂಡರೆ ಏಳನೇ ತಿಂಗಳು, ಜುಲೈ ಅಂತ ಓದಿಬಿಡುತ್ತೇವೆ. ಅಲ್ಲ, ಅದು ಸೆಪ್ಟೆಂಬರ್. ಫ್ರೆಂಚ್‌ನಲ್ಲಿ ಏಳಕ್ಕೆ 'ಸೆಪ್ತ್' ಅನ್ನುತ್ತಾರೆ, ಅದರ ಮುಂದೆ 'ಅಂಬ್ರ್' ಸೇರಿಸಿಕೊಳ್ಳಿ. ಹಾಗೆಯೇ 8 ಹಾಕಿದ್ದರೆ ಅಕ್ಟೋಬರ್, 9 ನವೆಂಬರ್. ಡಿಸೆಂಬರ್‌ಗೆ ರೋಮನ್ ಹತ್ತು.

ಪುಸ್ತಕಗಳು ಉಳಿದಿದ್ದು ಹೇಗೆ

ಕ್ವಿಬೆಕ್ ಪಟ್ಟಣ ಹುಟ್ಟಿದ್ದು 1608ರಲ್ಲಿ, ಸಾಮ್ಯುಯೆಲ್ ದ ಶಾಂಪ್ಲೇನ್ ಕೈಯಲ್ಲಿ. ಮಾಂಟ್ರಿಯಲ್ 1642ರಲ್ಲಿ. ಸೇಂಟ್ ಲಾರೆನ್ಸ್ ನದಿಯ ದಂಡೆಯುದ್ದಕ್ಕೂ ಹರಡಿದ ಆ ಪುಟ್ಟ ವಸಾಹತಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ಕ್ಯಾಥೊಲಿಕ್. ಮಗು ಹುಟ್ಟಿದ ದಿನವೋ ಮರುದಿನವೋ ದೀಕ್ಷಾಸ್ನಾನ. ಮದುವೆ, ಸಾವು ಎಲ್ಲವೂ ಚರ್ಚಿನಲ್ಲೇ. ಹಾಗಾಗಿ ಪಾದ್ರಿಯ ಪುಸ್ತಕವೇ ಸರ್ಕಾರದ ಜನನ ಮರಣ ನೋಂದಣಿಯೂ ಆಗಿತ್ತು.

ಫ್ರಾನ್ಸಿನ ರಾಜ ಹದಿನಾಲ್ಕನೇ ಲೂಯಿ 1667ರಲ್ಲಿ ಒಂದು ಕಾನೂನು ತಂದ. ಇಂಥ ಪುಸ್ತಕಗಳನ್ನು ಎರಡು ಪ್ರತಿ ಇಡಬೇಕು. ಒಂದು ಚರ್ಚಿನಲ್ಲಿ, ಇನ್ನೊಂದು ಕೋರ್ಟಿನಲ್ಲಿ. ಕೆನಡಾದ ವಸಾಹತಿನಲ್ಲಿ ಇದು 1679ರಿಂದ ಜಾರಿಗೆ ಬಂತು. ಕಟ್ಟಿಗೆಯ ಚರ್ಚು, ಮೇಣದ ಬತ್ತಿ, ಒಲೆ. ಬೆಂಕಿ ಬೀಳುವುದು ಮಾಮೂಲು. ಎರಡನೇ ಪ್ರತಿ ಇಲ್ಲದಿದ್ದರೆ ಎಷ್ಟೋ ಊರುಗಳ ಕಥೆ ಬೂದಿಯಾಗುತ್ತಿತ್ತು. 1640ರಲ್ಲಿ ಕ್ವಿಬೆಕ್ ಪಟ್ಟಣದ ಚರ್ಚಿಗೇ ಬೆಂಕಿ ಬಿದ್ದು ಮೊದಲ ಪುಸ್ತಕಗಳು ಸುಟ್ಟುಹೋದವು. ಆಗ ಎರಡನೇ ಪ್ರತಿ ಇರಲಿಲ್ಲ. ಪಾದ್ರಿಗಳು ಊರವರ ನೆನಪು ಕೇಳಿ ಕೇಳಿ ಮತ್ತೆ ಬರೆದರು. ಊರು ಚಿಕ್ಕದಿತ್ತು, ಆಯಿತು.

1760ರ ಹೊತ್ತಿಗೆ ಬ್ರಿಟಿಷರು ಬಂದರು. ರಾಜ ಬದಲಾದ, ಪಾದ್ರಿಯ ಪುಸ್ತಕ ಬದಲಾಗಲಿಲ್ಲ. ಅದು ಕಾನೂನಿನ ದಾಖಲೆಯಾಗಿಯೇ ಮುಂದುವರಿಯಿತು. ಎಲ್ಲಿಯವರೆಗೆ ಗೊತ್ತಾ? 1994ರ ಜನವರಿ 1ರವರೆಗೆ. ಆ ದಿನದಿಂದ ಕ್ವಿಬೆಕ್ ಸರ್ಕಾರ ಎಲ್ಲರಿಗೂ ಒಂದೇ ನೋಂದಣಿ ಕಚೇರಿ ಮಾಡಿತು. ಮೂರೂವರೆ ಶತಮಾನ ಒಂದೇ ಬಗೆಯ ಒಕ್ಕಣೆಯಲ್ಲಿ, ಒಂದೇ ಭಾಷೆಯಲ್ಲಿ ಬರೆದ ಪುಸ್ತಕಗಳು. ಇಂಥ ಅದೃಷ್ಟ ಬೇರೆ ಎಷ್ಟು ನಾಡುಗಳಿಗಿದೆ?

ಚರ್ಚಿನಲ್ಲಿ ಸಿಗದಿದ್ದರೆ ನೋಟರಿಯ ಕಾಗದಗಳಿವೆ. ಮದುವೆಗೆ ಮೊದಲು ಕರಾರುಪತ್ರ ಬರೆಸುವುದು ಅಲ್ಲಿ ಬಡವರಲ್ಲೂ ಇದ್ದ ರೂಢಿ. ಕೆನಡಾದಲ್ಲಿ ಉಳಿದಿರುವ ಅತಿ ಹಳೆಯ ಮದುವೆ ಕರಾರು 1636ರದು. ಹುಡುಗಿ ಆನ್ ಕ್ಲೂತಿಯೆ, ಆಗಿನ್ನೂ ಹತ್ತರ ವಯಸ್ಸು. ಅವಳ ತಂದೆ ಜಕಾರಿ ಕ್ಲೂತಿಯೆ ಫ್ರಾನ್ಸಿನ ಪೆರ್ಶ್ ಪ್ರಾಂತ್ಯದಿಂದ 1634ರಲ್ಲಿ ಬಂದ ಬಡಗಿ. ಅವನಿಗೆ ಓದು ಬರಹ ಬರುತ್ತಿರಲಿಲ್ಲ. ಸಹಿ ಮಾಡಬೇಕಾದಲ್ಲಿ ಒಂದು ಕೊಡಲಿಯ ಚಿತ್ರ ಬರೆಯುತ್ತಿದ್ದ. ಕಾಗದದ ಮೂಲೆಯಲ್ಲಿ ಪುಟ್ಟ ಕೊಡಲಿ ಕಂಡರೆ, ಅದು ಜಕಾರಿ. ಮಾಂಟ್ರಿಯಲ್ ವಿಶ್ವವಿದ್ಯಾಲಯದ ಸಂಶೋಧಕರ ಲೆಕ್ಕದಲ್ಲಿ 1800ರ ಹೊತ್ತಿಗೆ ಅವನ ಸಂತತಿ 10,850 ಜನ. ಆ ಕಾಲದ ವಲಸಿಗರಲ್ಲಿ ಅಷ್ಟು ಮೊಮ್ಮಕ್ಕಳು ಮರಿಮಕ್ಕಳನ್ನು ಪಡೆದವರು ಬೇರೆ ಯಾರೂ ಇಲ್ಲ.

ಹೆಂಡತಿಗೆ ತವರಿನ ಹೆಸರು

ಮದುವೆಯಾದ ಹೆಣ್ಣು ಗಂಡನ ಹೆಸರು ಹಚ್ಚಿಕೊಳ್ಳುವುದು ಇಂಗ್ಲಿಷರ ಪದ್ಧತಿ. ಅಮೆರಿಕದಲ್ಲಿ ವಂಶವೃಕ್ಷ ಹುಡುಕುವವರ ದೊಡ್ಡ ತಲೆನೋವೇ ಇದು. 'ಮೇರಿ ಸ್ಮಿತ್' ಅಂತ ಸಿಗುತ್ತಾಳೆ, ಅವಳ ತವರು ಯಾವುದು ಅಂತ ಎಲ್ಲೂ ಇರುವುದಿಲ್ಲ. ಅಜ್ಜಿಯ ಹತ್ತಿರ ದಾರಿ ನಿಂತುಹೋಗುತ್ತದೆ.

ಕ್ವಿಬೆಕ್‌ನ ದಾಖಲೆಗಳಲ್ಲಿ ಹೆಣ್ಣು ಹುಟ್ಟಿದಾಗ ಯಾವ ಮನೆತನದವಳೋ ಸಾಯುವವರೆಗೂ ಅದೇ. ಮಗುವಿನ ದೀಕ್ಷಾಸ್ನಾನದಲ್ಲಿ ತಾಯಿ ಅಂತ ಬರೆಯುವಾಗ ತವರಿನ ಹೆಸರು. ಜಮೀನು ಮಾರುವ ಪತ್ರದಲ್ಲಿ ತವರಿನ ಹೆಸರು. ಸತ್ತಾಗ 'ಇಂಥವನ ಹೆಂಡತಿ' ಅಂತ ಸೇರಿಸುತ್ತಿದ್ದರು, ಆದರೆ ಅವಳ ಹೆಸರು ಅವಳದೇ. ಎಷ್ಟೋ ಸಮಾಧಿ ಕಲ್ಲುಗಳ ಮೇಲೂ ಹೀಗೆಯೇ ಇದೆ. ಇದು ಹೆಣ್ಣಿನ ಮೇಲಿನ ಗೌರವದಿಂದ ಬಂದ ಕ್ರಾಂತಿ ಅಂತ ಭಾವಿಸಬೇಡಿ. ಹಳೆಯ ಫ್ರೆಂಚ್ ಕಾನೂನಿನ ರೂಢಿ ಅದು. ಮನೆಯಲ್ಲಿ ಗಂಡನದೇ ಯಜಮಾನಿಕೆ. ಇಪ್ಪತ್ತನೇ ಶತಮಾನದಲ್ಲಂತೂ ಊರಲ್ಲಿ ಅವಳನ್ನು ಗಂಡನ ಹೆಸರಿನಲ್ಲೇ 'ಮದಾಮ್ ಇಂಥವರು' ಅಂತ ಕರೆಯುವುದು ಜಾಸ್ತಿಯಾಗಿತ್ತು. ಕಾಗದದಲ್ಲಿ ಮಾತ್ರ ತವರು ಉಳಿಯಿತು.

ಇದರ ಲಾಭ ಏನು ಅಂತ ಲೆಕ್ಕ ಹಾಕಿ. ಹತ್ತು ತಲೆಮಾರು ಹಿಂದೆ ಹೋದರೆ ಗಂಡು ಸಾಲಿನಲ್ಲಿ ಸಿಗುವುದು ಒಬ್ಬನೇ ಮುತ್ತಾತ. ಎಲ್ಲ ಅಜ್ಜಿಯರ ಕಡೆಯನ್ನೂ ಹಿಡಿದರೆ ಆ ತಲೆಮಾರಿನಲ್ಲಿ 1,024 ಜಾಗ. ತವರಿನ ಹೆಸರು ಇರುವುದರಿಂದಲೇ ಅವುಗಳಲ್ಲಿ ಬಹುಪಾಲು ತುಂಬಲು ಸಾಧ್ಯ.

1981ರ ಏಪ್ರಿಲ್‌ನಲ್ಲಿ ಕ್ವಿಬೆಕ್ ಈ ಹಳೆಯ ರೂಢಿಯನ್ನೇ ಹೊಸ ಕಾರಣಕ್ಕೆ ಕಾನೂನು ಮಾಡಿತು. ಮದುವೆಯಾದ ಮೇಲೂ ಗಂಡ ಹೆಂಡತಿ ಇಬ್ಬರೂ ತಮ್ಮ ತಮ್ಮ ಹುಟ್ಟುಹೆಸರನ್ನೇ ಇಟ್ಟುಕೊಳ್ಳಬೇಕು. ಮದುವೆಯಾಯಿತು ಅನ್ನುವ ಒಂದೇ ಕಾರಣಕ್ಕೆ ಗಂಡನ ಹೆಸರಿಗೆ ಬದಲಾಯಿಸಿಕೊಳ್ಳುತ್ತೇನೆ ಅಂದರೂ ಅಲ್ಲಿ ಆಗುವುದಿಲ್ಲ. ಮಗುವಿಗೆ ತಂದೆಯದೋ, ತಾಯಿಯದೋ, ಎರಡನ್ನೂ ಸೇರಿಸಿಯೋ ಇಡಬಹುದು. ಹಾಗಾಗಿ ಆ ಕಾಲದಲ್ಲಿ ಹುಟ್ಟಿದವರಲ್ಲಿ ತ್ರಾಂಬ್ಲೆ-ಗಾನ್ಯೋ ತರಹದ ಜೋಡಿ ಹೆಸರುಗಳು ತುಂಬ. ಇಂಥ ಜೋಡಿ ಹೆಸರಿನ ಇಬ್ಬರು ಮದುವೆಯಾದರೆ ಮಗುವಿಗೆ ನಾಲ್ಕು ಹೆಸರಾ? ಇಲ್ಲ, ಎರಡಕ್ಕಿಂತ ಹೆಚ್ಚು ಭಾಗ ಇಡುವಂತಿಲ್ಲ. ನಾಲ್ಕರಲ್ಲಿ ಎರಡನ್ನು ಬಿಡಲೇಬೇಕು. ಯಾರದ್ದು ಬಿಡುವುದು ಅನ್ನುವುದು ಆ ಮನೆಯ ಜಗಳ.

'ದಿ' ಅಂದರೆ ಯಾನೆ

ಈಗ ನಿಜವಾದ ಗೋಜಲಿಗೆ ಬರೋಣ. ಹಳೆಯ ದಾಖಲೆಗಳಲ್ಲಿ ಎರಡು ಹೆಸರುಗಳ ಮಧ್ಯೆ 'ದಿ' ಅನ್ನುವ ಪುಟ್ಟ ಪದ ಬರುತ್ತದೆ. ರಿವಾರ್ ದಿ ಲಾವಿನ್. ಮಿವಿಲ್ ದಿ ದೆಶೆನ್. ಇದು ನಮ್ಮ ದಿವಂಗತದ 'ದಿ.' ಅಲ್ಲ. ಫ್ರೆಂಚ್‌ನಲ್ಲಿ ಅದಕ್ಕೆ 'ಹಾಗೆ ಕರೆಯಲ್ಪಡುವ' ಅಂತ ಅರ್ಥ. ನಮ್ಮ ಕ್ರಯಪತ್ರಗಳಲ್ಲಿ 'ಯಾನೆ' ಅಂತಲೋ 'ಉರ್ಫ್' ಅಂತಲೋ ಬರುತ್ತದಲ್ಲ, ಅದೇ.

ಕನ್ನಡದಲ್ಲಿ ಅಡ್ಡಹೆಸರು ಅಂದರೆ ಜನ ಪ್ರೀತಿಗೋ ತಮಾಷೆಗೋ ಇಟ್ಟ ಹೆಸರೂ ಹೌದು, ಮನೆತನದ ಹೆಸರೂ ಹೌದು. ಒಂದೇ ಪದಕ್ಕೆ ಎರಡೂ ಅರ್ಥ. ಕ್ವಿಬೆಕ್‌ನಲ್ಲಿ ನಡೆದಿದ್ದು ನೋಡಿದರೆ ಈ ಪದವನ್ನು ಅವರಿಗಾಗಿಯೇ ಮಾಡಿದಂತಿದೆ. ಒಬ್ಬನಿಗೆ ಇಟ್ಟ ಮೊದಲ ಅರ್ಥದ ಅಡ್ಡಹೆಸರು, ಅವನ ಮೊಮ್ಮಕ್ಕಳಿಗೆ ಎರಡನೇ ಅರ್ಥದ ಅಡ್ಡಹೆಸರಾಯಿತು.

ದೊಡ್ಡ ಮೂಲ ಸೈನ್ಯ. ಫ್ರೆಂಚ್ ಸೈನ್ಯಕ್ಕೆ ಸೇರಿದವನಿಗೆ ಒಂದು 'ಯುದ್ಧದ ಹೆಸರು' ಇಡುವ ಪದ್ಧತಿ ಇತ್ತು. ಒಂದು ತುಕಡಿಯಲ್ಲಿ ಹತ್ತು ಜನ ಪಿಯೆರ್, ಹತ್ತು ಜನ ಜಾಂ ಇದ್ದರೆ ಕರೆಯುವುದು ಹೇಗೆ? ಚಿಂತೆ ಮಾಡದವನು ಸಾಂಸುಸಿ. ಮೃದು ಸ್ವಭಾವದವನು, ಅಥವಾ ಅದಕ್ಕೆ ಪೂರಾ ಉಲ್ಟಾ ಇದ್ದವನು, ಲಾದೂಸೆರ್. ಬೆಟ್ಟ ಕಡಿಯುವವನು ತ್ರಾಂಶ್‌ಮೋಂತಾಞ್. ಹೂವಿನ ಹೆಸರುಗಳಂತೂ ಒಂದು ತೋಟಕ್ಕಾಗುವಷ್ಟಿವೆ. ಲಾಫ್ಲೆರ್, ಲಾರೋಜ್, ಲಾವಿಯೊಲೆತ್, ಲಾತ್ಯುಲಿಪ್. ಮೀಸೆ ತಿರುವುವ ಸಿಪಾಯಿಗೆ ಗುಲಾಬಿ ಅಂತ ಹೆಸರು! ಆಂಜು ಪ್ರಾಂತ್ಯದಿಂದ ಬಂದವನು ಲಾಂಜವ್ಯಾಂ, ಪ್ಯಾರಿಸ್‌ನವನು ಪಾರಿಜ್ಯಾಂ.

1665ರಲ್ಲಿ ಕಾರಿಞಾಂ-ಸಾಲಿಯೆರ್ ಅನ್ನುವ ರೆಜಿಮೆಂಟಿನ ಸುಮಾರು 1,200 ಸಿಪಾಯಿಗಳು ಕ್ವಿಬೆಕ್‌ಗೆ ಬಂದಿಳಿದರು. ಕೆಲಸ ಮುಗಿದ ಮೇಲೆ 400ರಷ್ಟು ಜನ ಅಲ್ಲೇ ಜಮೀನು ಪಡೆದು ಉಳಿದುಬಿಟ್ಟರು. ಅದೇ ಹೊತ್ತಿಗೆ, 1663ರಿಂದ 1673ರ ನಡುವೆ, ರಾಜ ತನ್ನ ಖರ್ಚಿನಲ್ಲಿ ಮದುವೆ ವಯಸ್ಸಿನ ಸುಮಾರು 770 ಹೆಣ್ಣುಮಕ್ಕಳನ್ನು ಫ್ರಾನ್ಸಿನಿಂದ ಕಳಿಸಿದ. ಅವರಿಗೆ 'ರಾಜನ ಹೆಣ್ಣುಮಕ್ಕಳು' ಅಂತಲೇ ಹೆಸರು. ಹೆಚ್ಚಿನವರು ಬಡವರು, ಬಹಳ ಜನ ತಂದೆ ಇಲ್ಲದವರು. 1666ರ ಜನಗಣತಿಯಲ್ಲಿ ಇಡೀ ವಸಾಹತಿನ ಲೆಕ್ಕ 3,215 ಜನ. ಅಷ್ಟು ಚಿಕ್ಕ ಊರಿಗೆ ಇಷ್ಟು ಸಿಪಾಯಿಗಳು, ಇಷ್ಟು ಹುಡುಗಿಯರು. ಇವರ ಮದುವೆಗಳಿಂದಲೇ ಇಂದಿನ ಫ್ರೆಂಚ್ ಕೆನಡಿಯನ್ನರ ದೊಡ್ಡ ಪಾಲು ಬೆಳೆದಿದ್ದು. ಸಿಪಾಯಿಯ ಅಡ್ಡಹೆಸರೂ ಜೊತೆಗೇ ಮನೆಗೆ ಬಂತು.

ಸೈನ್ಯ ಒಂದೇ ಕಾರಣ ಅಲ್ಲ. ಅಣ್ಣತಮ್ಮಂದಿರು ಬೇರೆಯಾದಾಗ ಜಮೀನಿನ ಹೆಸರೂ ಅಂಟಿಕೊಳ್ಳುತ್ತಿತ್ತು. ಬತಿಸ್ಕಾಂ ಊರಿನ ರಿವಾರ್ ಮನೆತನ ಇದಕ್ಕೆ ಒಳ್ಳೆಯ ಉದಾಹರಣೆ. ಫ್ರಾನ್ಸಿನಿಂದ ಬಂದಿದ್ದು ಇಬ್ಬರು ಅಣ್ಣತಮ್ಮಂದಿರು. ನಿಕೊಲಾ ರಿವಾರ್ ದಿ ಲಾವಿನ್, ರೊಬೇರ್ ರಿವಾರ್ ದಿ ಲೊರಾಂಜೆ. ಅವರ ಮಕ್ಕಳು ಮೊಮ್ಮಕ್ಕಳು ಹರಡಿದಂತೆ ಹೆಸರುಗಳೂ ಟಿಸಿಲೊಡೆದವು. ಲಾನುಎತ್, ಲಾಕೂರ್ಸಿಯೆರ್, ದ್ಯುಫ್ರೆನ್, ಬೆಲ್‌ಫೇಯ್, ಮೋಂತಾಂದ್ರ್. ಇವತ್ತು ಒಬ್ಬ ಲಾನುಎತ್, ಒಬ್ಬ ಲೊರಾಂಜೆ ಬಸ್ಸಿನಲ್ಲಿ ಅಕ್ಕಪಕ್ಕ ಕೂತರೆ ತಾವು ದಾಯಾದಿಗಳಿರಬಹುದು ಅಂತ ಹೇಗೆ ಗೊತ್ತಾಗಬೇಕು?

ಹುಡುಕುವವರಿಗೆ ಪೆಟ್ಟು ಬೀಳುವುದು ಇಲ್ಲೇ. ಒಬ್ಬನೇ ಮನುಷ್ಯ ದೀಕ್ಷಾಸ್ನಾನದಲ್ಲಿ ರಿವಾರ್, ಮದುವೆಯಲ್ಲಿ ರಿವಾರ್ ದಿ ಲಾವಿನ್, ಸಾವಿನಲ್ಲಿ ಬರೀ ಲಾವಿನ್. ಯಾರೂ ಮೋಸ ಮಾಡುತ್ತಿರಲಿಲ್ಲ. ಊರವರಿಗೆ ಎರಡೂ ಗೊತ್ತಿತ್ತು. ಪಾದ್ರಿ ಆ ದಿನ ಯಾವುದು ಬಾಯಿಗೆ ಬಂತೋ ಅದನ್ನು ಬರೆದ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬ ಹಳೆಯ ಹೆಸರು ಉಳಿಸಿಕೊಂಡ, ಇನ್ನೊಬ್ಬ ಹೊಸದನ್ನು ಹಿಡಿದ. ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ 'ದಿ' ಹೆಚ್ಚುಕಡಿಮೆ ಮಾಯವಾಗಿ, ಪ್ರತಿ ಮನೆಯೂ ಎರಡರಲ್ಲಿ ಒಂದನ್ನು ಆರಿಸಿಕೊಂಡಿತ್ತು. ಯಾವ ಮನೆ ಯಾವುದನ್ನು ಆರಿಸಿತು ಅನ್ನುವುದಕ್ಕೆ ನಿಯಮ ಇಲ್ಲ. ಲಾಫ್ಲೆರ್ ಅಂತ ಒಬ್ಬನ ಬೆನ್ನು ಹತ್ತಿದರೆ ಇನ್ನೂ ಕಷ್ಟ. ಆ ಹೆಸರು ಹತ್ತಾರು ಬೇರೆ ಬೇರೆ ಸಿಪಾಯಿಗಳಿಗಿತ್ತು. ಹೆಸರು ಒಂದೇ, ಸಂಬಂಧವೇ ಇಲ್ಲ. ಮತ್ತೆ ಜೋಡಿಯೇ ಗತಿ. ಗಂಡನ ಹೆಸರು ಮೂರು ದಾಖಲೆಯಲ್ಲಿ ಮೂರು ತರಹ ಇದ್ದರೂ ಪಕ್ಕದಲ್ಲಿ ಅದೇ ಹೆಂಡತಿ ಇದ್ದರೆ, ಅವನೇ ಇವನು.

ಫ್ರೆಂಚರಲ್ಲದವರೂ ಈ ಸಾಲಿಗೆ ಸೇರಿದರು. ಪೆದ್ರು ದ ಸಿಲ್ವ ಅನ್ನುವವನು ಪೋರ್ಚುಗಲ್‌ನಿಂದ ಬಂದವನು. ದಾಖಲೆಯಲ್ಲಿ ಅವನು 'ದಿ ಲ ಪೋರ್ತುಗೆ', ಅಂದರೆ ಪೋರ್ಚುಗೀಸಿನವನು. 1693ರಲ್ಲಿ ಮಾಂಟ್ರಿಯಲ್‌ನಿಂದ ಕ್ವಿಬೆಕ್ ಪಟ್ಟಣಕ್ಕೆ ಒಂದು ಕಾಗದದ ಕಟ್ಟು ತಲುಪಿಸಿ 20 ಸೋಲ್ (ಆ ಕಾಲದ ಫ್ರೆಂಚ್ ನಾಣ್ಯ) ಕೂಲಿ ಪಡೆದ. ಕೆನಡಾದ ಮೊದಲ ಅಂಚೆಯವನು ಅಂತ ಇವನನ್ನೇ ಹೇಳುತ್ತಾರೆ. ಅವನ ಸಂತತಿಯಲ್ಲಿ ಹೆಸರು ದಾಸಿಲ್ವ ಅಂತ ಒಂದೇ ಪದವಾಗಿ ಕೂತಿದೆ.

ಕಿವಿಗೆ ಕೇಳಿದಂತೆ ಬರೆದದ್ದು

ಫ್ರೆಂಚ್ ಬರವಣಿಗೆಯಲ್ಲಿ ಕೊನೆಯ ಅಕ್ಷರಗಳು ಎಷ್ಟೋ ಸಲ ಬಾಯಲ್ಲಿ ಬರುವುದೇ ಇಲ್ಲ. 'ತಿಬೋ' ಅನ್ನುವ ಹೆಸರಿನ ಕೊನೆಯ 'ಓ' ಸ್ವರವನ್ನು ಐದಾರು ತರಹ ಬರೆಯಬಹುದು. ಎಲ್ಲವೂ ಒಂದೇ ಉಚ್ಚಾರ. ಹೆಸರಿನವನಿಗೆ ಬರೆಯಲು ಬರುವುದಿಲ್ಲ, ಪಾದ್ರಿಗೆ ಒಂದೇ ಸ್ಪೆಲ್ಲಿಂಗ್ ಇರಬೇಕೆಂಬ ಹಟ ಇಲ್ಲ. ಹಾಗಾಗಿ ಸ್ಪೆಲ್ಲಿಂಗ್ ಬೇರೆ ಅಂತ ಮನೆತನ ಬೇರೆ ಅನ್ನುವುದು ತಪ್ಪು. ಬಾಯಿಬಿಟ್ಟು ಓದಿ ನೋಡಬೇಕು.

ಕೆಲವೊಮ್ಮೆ ಉಚ್ಚಾರವೇ ಜಾರುತ್ತದೆ. ಜಕಾರಿಯ ಜೊತೆ 1634ರಲ್ಲಿ ಬಂದ ಗಾರೆ ಕೆಲಸದವನೊಬ್ಬನಿದ್ದ. ಹೆಸರು ಜಾಂ ಗಿಯೋಂ. ಜನರ ಬಾಯಲ್ಲಿ 'ಗಿ' ಸವೆದು 'ದಿ' ಆಯಿತು. ಅವನ ಸಂತತಿಯ ಬಹಳ ಜನ ದಿಯೋಂ ಆದರು. ಸೆಲಿನ್ ಡಿಯಾನ್ ಅಂತ ನಾವು ಹೇಳುವ ಗಾಯಕಿಯ ಮನೆತನದ ಹೆಸರಿನ ಬೇರು ಇದೇ.

ಕರೆಯುವ ಹೆಸರಿನಲ್ಲೂ ಒಂದು ಬಲೆ ಇದೆ. ದೀಕ್ಷಾಸ್ನಾನದಲ್ಲಿ ಗಂಡುಮಗುವಿಗೆ ಮೊದಲು 'ಜೋಸೆಫ್', ಹೆಣ್ಣುಮಗುವಿಗೆ 'ಮರಿ' ಅಂತ ಇಡುವುದು, ಆಮೇಲೆ ಧರ್ಮಪಿತನದೋ ಧರ್ಮಮಾತೆಯದೋ ಹೆಸರು, ಕೊನೆಗೆ ನಿಜವಾಗಿ ಕರೆಯುವ ಹೆಸರು, ಇದು ಬಹಳ ಕಾಲ ನಡೆದ ರೂಢಿ. ಕೆನಡಾದ ಪ್ರಧಾನಿಯಾಗಿದ್ದ ಪಿಯೆರ್ ಟ್ರುಡೊ ಹುಟ್ಟಿದ್ದು 1919ರಲ್ಲಿ. ಪೂರ್ತಿ ಹೆಸರು ಜೋಸೆಫ್ ಫಿಲಿಪ್ ಪಿಯೆರ್ ಈವ್ ಎಲಿಯಟ್ ಟ್ರುಡೊ. ಅವರನ್ನು ಜೋಸೆಫ್ ಅಂತ ಹುಡುಕಿದರೆ ಸಿಗುತ್ತಾರಾ? ಒಂದು ಮನೆಯಲ್ಲಿ ಆರು ಜನ 'ಮರಿ' ಕಂಡರೆ ಗಾಬರಿ ಬೇಡ. ಮೊದಲ ಪದ ಬಿಟ್ಟು ಮುಂದೆ ಓದಿ. ಮಗು ಸತ್ತರೆ ಅದೇ ಹೆಸರನ್ನು ಮುಂದಿನ ಮಗುವಿಗೆ ಇಡುವುದೂ ಇತ್ತು. ಹುಟ್ಟಿದ ದಾಖಲೆ ಸಿಕ್ಕಿತು ಅಂತ ಕುಣಿಯುವ ಮುಂಚೆ, ಆ ಮಗು ಬದುಕಿತ್ತಾ ಅಂತ ಸಾವಿನ ಪುಸ್ತಕ ನೋಡುವುದು ಒಳ್ಳೆಯದು.

ಎಲ್ಲರೂ ನೆಂಟರು

ತ್ರಾಂಬ್ಲೆ ಅನ್ನುವುದು ಇಂದಿನ ಕ್ವಿಬೆಕ್‌ನಲ್ಲಿ ಅತಿ ಹೆಚ್ಚು ಜನರಿಗಿರುವ ಮನೆತನದ ಹೆಸರು. ನೂರರಲ್ಲಿ ಒಬ್ಬರಿಗಿಂತ ತುಸು ಜಾಸ್ತಿ. ಇವರೆಲ್ಲರ ಮೂಲ ಒಂದೇ ಜೋಡಿ. ಪಿಯೆರ್ ತ್ರಾಂಬ್ಲೆ ಮತ್ತು ಓಜಾನ್ ಆಶೋಂ. 1657ರ ಅಕ್ಟೋಬರ್ 2ರಂದು ಕ್ವಿಬೆಕ್ ಪಟ್ಟಣದಲ್ಲಿ ಮದುವೆ, ಆಮೇಲೆ ಹನ್ನೆರಡು ಮಕ್ಕಳು.

ಬ್ರಿಟಿಷರು ಬಂದಾಗ ಇದ್ದ ಸುಮಾರು 70,000 ಜನರಿಂದಲೇ ಇಂದಿನ ಲಕ್ಷಾಂತರ ಜನ ಬೆಳೆದವರು. ಆದ್ದರಿಂದ ವಂಶವೃಕ್ಷ ಸ್ವಲ್ಪ ಹಿಂದೆ ಹೋದಂತೆ ಕೊಂಬೆಗಳು ಮತ್ತೆ ಮತ್ತೆ ಒಂದೇ ಬುಡಕ್ಕೆ ಬಂದು ಸೇರುತ್ತವೆ. 1,024 ಜಾಗದಲ್ಲಿ 1,024 ಬೇರೆ ಜನ ಇರುವುದಿಲ್ಲ. ಜಕಾರಿ ಕ್ಲೂತಿಯೆ ಒಂದೇ ಮರದಲ್ಲಿ ಹತ್ತು ಕಡೆ ಕಂಡರೆ ಅಚ್ಚರಿಯಿಲ್ಲ. ಚರ್ಚಿನಲ್ಲಿ ಹತ್ತಿರದ ಸಂಬಂಧದಲ್ಲಿ ಮದುವೆ ನಿಷೇಧ. ಅಜ್ಜನ ಅಜ್ಜ ಇಬ್ಬರಿಗೂ ಒಬ್ಬನೇ ಆಗಿದ್ದರೂ ಬಿಷಪ್‌ನಿಂದ ವಿನಾಯಿತಿ ಪಡೆಯಬೇಕಿತ್ತು. ಮದುವೆ ದಾಖಲೆಯಲ್ಲಿ 'ನಾಲ್ಕನೇ ಮಟ್ಟದ ರಕ್ತಸಂಬಂಧದ ವಿನಾಯಿತಿ' ಅಂತ ಒಂದು ಸಾಲು ಇದ್ದರೆ ಅದು ಚಿನ್ನ. ಈ ಇಬ್ಬರೂ ನಾಲ್ಕು ತಲೆಮಾರು ಹಿಂದೆ ಎಲ್ಲೋ ಕೂಡುತ್ತಾರೆ ಅಂತ ಪಾದ್ರಿಯೇ ಹೇಳಿಕೊಟ್ಟಂತೆ.

ಇದರಲ್ಲಿ ವೈದ್ಯರಿಗೂ ಆಸಕ್ತಿ ಇದೆ. ಕ್ವಿಬೆಕ್‌ನ ಸಾಗ್ನೆ ಪ್ರದೇಶದಲ್ಲಿ ಟೈರೊಸಿನೀಮಿಯಾ ಅನ್ನುವ ಯಕೃತ್ತಿನ ಕಾಯಿಲೆಯ ಜೀನ್ ಸುಮಾರು ಇಪ್ಪತ್ತು ಜನರಲ್ಲಿ ಒಬ್ಬರಲ್ಲಿದೆ. ಕೆಲವೇ ಪೂರ್ವಜರಿಂದ ಹರಡಿದ್ದು ಅದು. 1972ರಲ್ಲಿ ಅಲ್ಲೇ ಶುರುವಾದ ಬಾಲ್ಸಾಕ್ ಅನ್ನುವ ದತ್ತಾಂಶ ಯೋಜನೆ ಹಳೆಯ ಮದುವೆ ದಾಖಲೆಗಳನ್ನು ಒಂದಕ್ಕೊಂದು ಜೋಡಿಸಿ ಇಂಥ ಸಂಶೋಧನೆಗೂ ಒದಗಿಸಿತು. ಮಾಂಟ್ರಿಯಲ್ ವಿಶ್ವವಿದ್ಯಾಲಯದ ಇಂಥದೇ ಇನ್ನೊಂದು ಯೋಜನೆ 1966ರದು. ಅದು 1800ಕ್ಕೆ ಮೊದಲಿನ ಸುಮಾರು ಏಳು ಲಕ್ಷ ದೀಕ್ಷಾಸ್ನಾನ, ಮದುವೆ, ಸಾವುಗಳನ್ನು ಕುಟುಂಬವಾರು ಜೋಡಿಸಿಟ್ಟಿದೆ. ಇದಕ್ಕೆಲ್ಲ ಮುಂಚೆ ಸಿಪ್ರಿಯ್ಯಾಂ ತಾಂಗೆ ಅನ್ನುವ ಪಾದ್ರಿ ಊರೂರು ಸುತ್ತಿ, ಕೈಯಲ್ಲೇ ಬರೆದುಕೊಂಡು, 1871ರಿಂದ 1890ರವರೆಗೆ ಏಳು ಸಂಪುಟಗಳ ವಂಶಾವಳಿ ನಿಘಂಟು ಹೊರತಂದರು. ತಪ್ಪುಗಳಿವೆ ನಿಜ. ಆದರೆ 'ದಿ' ಹೆಸರುಗಳ ಪಟ್ಟಿಗಾಗಿ ಇವತ್ತಿಗೂ ಜನ ಅದನ್ನು ತೆರೆಯುತ್ತಾರೆ. 1940ರ ದಶಕದಲ್ಲಿ ವಂಶಾವಳಿ ಹುಡುಕಿಕೊಡುವ ದ್ರುವ್ಯಾಂ ಸಂಸ್ಥೆ ಚರ್ಚಿನ ಪುಸ್ತಕಗಳನ್ನು ಮೈಕ್ರೋಫಿಲ್ಮ್ ಮಾಡಿತು. ಈಗ ಮನೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ನೋಡುವ ಎಷ್ಟೋ ಪುಟಗಳು ಆ ಫಿಲ್ಮಿನವು.

ಗಡಿ ದಾಟಿದವರು

1840ರಿಂದ 1930ರ ನಡುವೆ ಸುಮಾರು ಒಂಬತ್ತು ಲಕ್ಷ ಜನ ಕ್ವಿಬೆಕ್ ಬಿಟ್ಟು ಅಮೆರಿಕಕ್ಕೆ ಹೋದರು. ಹೊಲ ಸಾಲದು, ಮಕ್ಕಳು ಜಾಸ್ತಿ. ಲೋವೆಲ್, ಮ್ಯಾಂಚೆಸ್ಟರ್, ವೂನ್‌ಸಾಕೆಟ್, ಲೂಯಿಸ್ಟನ್ ಊರುಗಳ ಬಟ್ಟೆ ಗಿರಣಿಗಳಲ್ಲಿ ಕೆಲಸ ಇತ್ತು. ಗಿರಣಿ ಗುಮಾಸ್ತನಿಗೆ ಫ್ರೆಂಚ್ ಗೊತ್ತಿಲ್ಲ. ಕೆಲವು ಹೆಸರು ಅನುವಾದವಾದವು. ರುವಾ ಅಂದರೆ ರಾಜ, ಹಾಗಾಗಿ ಕಿಂಗ್. ಲಬ್ಲಾಂ ವೈಟ್ ಆಯಿತು, ಬುವಾವೆರ್ ಗ್ರೀನ್‌ವುಡ್ ಆಯಿತು, ಲಾಜನೆಸ್ ಯಂಗ್ ಆಯಿತು. ಕೆಲವು ಕೇಳಿಸಿದಂತೆ ಇಂಗ್ಲಿಷ್ ಅಕ್ಷರಕ್ಕೆ ಬಂದವು. ಬನುವಾ ಬೆನ್‌ವೇ, ಆರ್ಶಾಂಬೋ ಶಾಂಬೋ, ಗೋತಿಯೆ ಗೋಕಿ.

ಹಿಂದಕ್ಕೆ ಹೋಗುವ ದಾರಿ ಇದ್ದೇ ಇದೆ. ಗಿರಣಿ ಊರುಗಳಲ್ಲೂ ಈ ಜನ ತಮ್ಮದೇ ಫ್ರೆಂಚ್ ಚರ್ಚು ಕಟ್ಟಿಕೊಂಡರು. ಸರ್ಕಾರಿ ಕಾಗದದಲ್ಲಿ ಮೇರಿ ಕಿಂಗ್ ಆದವಳು ಚರ್ಚಿನ ಪುಸ್ತಕದಲ್ಲಿ ಮರಿ ರುವಾ ಆಗಿಯೇ ಇರುತ್ತಾಳೆ, ತಂದೆ ತಾಯಿಯ ಹೆಸರಿನ ಸಮೇತ. ಸರ್ಕಾರಿ ಜನಗಣತಿಯಲ್ಲಿ ಹುಟ್ಟಿದ ಊರು ಬರೀ 'ಕೆನಡಾ'. ಆದರೆ ತಂದೆ ತಾಯಿಯ ಜೋಡಿ ಸಿಕ್ಕಿತಲ್ಲ, ಅದನ್ನು ಹಿಡಿದು ಕ್ವಿಬೆಕ್‌ನ ಮದುವೆ ಸೂಚಿಗೆ ಹೋದರೆ ಊರು ತಾನಾಗಿ ಸಿಗುತ್ತದೆ.

ಎಲ್ಲರಿಗೂ ಈ ಭಾಗ್ಯ ಇಲ್ಲ. ಕೆನಡಾದ ಪೂರ್ವ ಕರಾವಳಿಯ ಅಕಾಡಿಯಾದಲ್ಲಿದ್ದ ಫ್ರೆಂಚರನ್ನು ಬ್ರಿಟಿಷರು 1755ರಿಂದ ಊರು ಬಿಡಿಸಿ ಹಡಗು ಹತ್ತಿಸಿದರು. ಅವರ ಚರ್ಚಿನ ಪುಸ್ತಕಗಳಲ್ಲಿ ಬಹಳಷ್ಟು ಆ ಗಲಾಟೆಯಲ್ಲಿ ಕಳೆದುಹೋದವು. ಕ್ವಿಬೆಕ್‌ನಲ್ಲೇ ಗುಲಾಮರಾಗಿದ್ದವರು ನಾಲ್ಕು ಸಾವಿರಕ್ಕೂ ಹೆಚ್ಚು ಜನ ಅಂತ ಇತಿಹಾಸಕಾರ ಮಾರ್ಸೆಲ್ ತ್ರುದೆಲ್ ದಾಖಲೆಗಳಿಂದ ಎಣಿಸಿದ್ದಾರೆ. ಅವರಲ್ಲಿ ಮೂರರಲ್ಲಿ ಎರಡು ಪಾಲು ಮೂಲನಿವಾಸಿಗಳು, ಉಳಿದವರು ಕರಿಯರು. ಅದೇ ಪುಸ್ತಕಗಳಲ್ಲಿ ಅವರ ದೀಕ್ಷಾಸ್ನಾನವೂ ಇದೆ. ಆದರೆ ತಂದೆ ತಾಯಿಯ ಜಾಗದಲ್ಲಿ ಎಷ್ಟೋ ಸಲ ಇರುವುದು ಯಜಮಾನನ ಹೆಸರು. ಅಲ್ಲಿಂದ ಹಿಂದಕ್ಕೆ ಪುಟ ಇಲ್ಲ.

ಉಳಿದವರು ಕೊನೆಗೆ ಸಮುದ್ರದ ಅಂಚಿಗೆ ಬರುತ್ತಾರೆ. ಮೊದಲ ವಲಸಿಗನ ಮದುವೆ ದಾಖಲೆಯಲ್ಲಿ ಫ್ರಾನ್ಸಿನ ಯಾವ ಊರು, ಯಾವ ಚರ್ಚು ಅಂತ ಸಾಮಾನ್ಯವಾಗಿ ಬರೆದಿರುತ್ತದೆ. ಪೆರ್ಶ್ ಪ್ರಾಂತ್ಯದ ತುರೂವ್ರ್ ಅಂಥ ಒಂದು ಊರು. ರಿವಾರ್ ಮನೆತನದವರೂ ಅಲ್ಲಿನವರೇ. 1647ರಲ್ಲಿ ಜ್ಯುಲ್ಯಾಂ ಮೆರ್ಸಿಯೆ ಅನ್ನುವವನು ಆ ಊರು ಬಿಟ್ಟ. 1891ರಲ್ಲಿ ಅವನ ವಂಶದ ಓನೊರೆ ಮೆರ್ಸಿಯೆ, ಆಗ ಕ್ವಿಬೆಕ್‌ನ ಮುಖ್ಯಮಂತ್ರಿಯಷ್ಟು ದೊಡ್ಡ ಹುದ್ದೆಯಲ್ಲಿದ್ದವರು, ಮೂಲದ ಊರು ನೋಡಲು ಬಂದರು. ತುರೂವ್ರ್ ಚರ್ಚಿನ ಬಣ್ಣದ ಗಾಜಿನ ಕಿಟಕಿಗಳಲ್ಲಿ ಎರಡೂ ಚಿತ್ರಗಳಿವೆ. ಒಂದರಲ್ಲಿ ಜ್ಯುಲ್ಯಾಂ ಊರು ಬಿಟ್ಟು ಹೊರಟಿದ್ದಾನೆ. ಇನ್ನೊಂದರಲ್ಲಿ ಅವನ ವಂಶದವರು ಬಂದು ನಿಂತಿದ್ದಾರೆ.